ಬೆಳಕಿಂಡಿಯ ಕೆಳಗಿನ ಹಸಿರು

ಗದಗ ಜಿಲ್ಲೆಯ ರೋಣ ತಾಲ್ಲೂಕಿನಲ್ಲಿ, ಮಲಪ್ರಭಾ ನದಿಯ ದಡದಲ್ಲಿ ಹೊಳೆಮಣ್ಣೂರ ಎಂಬ ಗ್ರಾಮವಿದೆ. ಹೆಸರಿನಲ್ಲಿಯೇ ಹೊಳೆಯೂ ಇದೆ, ಮಣ್ಣೂ ಇದೆ. ಸವದತ್ತಿಯ ಬಳಿಯ ನವಿಲುತೀರ್ಥದಲ್ಲಿ 1972ರಲ್ಲಿ ಪೂರ್ಣಗೊಂಡ ಅಣೆಕಟ್ಟನ್ನು ದಾಟಿ, ರಾಮದುರ್ಗವನ್ನು ಹಾದು ಬರುವ ಮಲಪ್ರಭೆ ಈ ಎರೆನೆಲದ ಅಂಚನ್ನು ತೊಳೆದುಕೊಂಡು, ಮುಂದೆ ಪಟ್ಟದಕಲ್ಲು, ಐಹೊಳೆಗಳ ಮಗ್ಗುಲಲ್ಲಿ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಮಳೆಗಾಲದಲ್ಲಿ ಕಾಲಿಗೆ ಅಂಟಿ ಬಿಡದ, ಬೇಸಿಗೆಯಲ್ಲಿ ಬಾಯಿ ಬಿಡುವ ಕಪ್ಪು ಮಣ್ಣಿನ ನಾಡು ಇದು. ಇಂಥ ನೆಲದಲ್ಲಿ ಹೊಲ ಉಂಟು, ಹಿತ್ತಲು ಉಂಟು. ಮನೆಯೊಳಗೆ ಗಿಡ ಬೆಳೆಸುವ ಮಾತು ಇಲ್ಲಿಗೆ ಹೇಗೆ ಹೊಂದೀತು ಎಂದು ಓದುಗರಿಗೆ ಅನಿಸಬಹುದು. ಆದರೆ ಮನೆಯೊಳಗಿನ ಹಸಿರಿನ ಚರಿತ್ರೆಯನ್ನು ಬರೆಯಹೊರಟವನು ಲಂಡನ್ನಿನ ಗಾಜಿನ ಪೆಟ್ಟಿಗೆಯಿಂದ ಆರಂಭಿಸುವುದಕ್ಕಿಂತ ಈ ಸೀಮೆಯ ಮಣ್ಣಿನ ಮನೆಯಿಂದ ಆರಂಭಿಸುವುದೇ ಹೆಚ್ಚು ಸಮಂಜಸವೆಂದು ನನ್ನ ಅಭಿಪ್ರಾಯ.

ಈ ಭಾಗದ ಹಳೆಯ ಮನೆಗಳನ್ನು ನೋಡಿದವರಿಗೆ ಅವುಗಳ ರಚನೆ ನೆನಪಿರುತ್ತದೆ. ದಪ್ಪನೆಯ ಕಲ್ಲುಮಣ್ಣಿನ ಗೋಡೆಗಳು, ತೊಲೆಗಳ ಮೇಲೆ ಜಂತಿಗಳು, ಅವುಗಳ ಮೇಲೆ ಮಣ್ಣಿನ ಮೇಲುಮುದ್ದಿ. ಬಾಗಿಲು ದಾಟಿದೊಡನೆ ದನಗಳನ್ನು ಕಟ್ಟುವ ದಂದಕ್ಕಿ, ಅದಕ್ಕಿಂತ ತುಸು ಎತ್ತರದಲ್ಲಿ ಪಡಸಾಲಿ, ಒಳಗೆ ಅಡುಗೆಮನೆ ಮತ್ತು ದೇವರ ಕೋಣೆ. ಕಿಟಕಿಗಳು ಬಹಳ ಕಡಿಮೆ. ಬಿಸಿಲೂ ಕಳ್ಳರೂ ಒಳಗೆ ಬಾರದಿರಲೆಂದು. ಬೆಳಕು ಬರುವುದೇನಿದ್ದರೂ ಮಾಳಿಗೆಯ ಮೇಲಿನ ಬೆಳಕಿಂಡಿಯಿಂದ. ಅಂಗೈ ಅಗಲದ ಆ ಬೆಳಕು ದಿನವೆಲ್ಲ ನೆಲದ ಮೇಲೆ ಸರಿಯುತ್ತ ಹೊತ್ತು ಹೇಳುತ್ತಿತ್ತು. ಎತ್ತುಗಳು ಮೇಯುವ ಗ್ವಾದಲಿ ಮನೆಯ ಒಳಗೇ ಇರುತ್ತಿತ್ತು. ಕ್ರಿಸ್ತಜಯಂತಿಯಲ್ಲಿ ನಾವು ಕಟ್ಟುವ ಗೋದಲಿಗೆ ಈ ಸೀಮೆಯಲ್ಲಿ ವಿವರಣೆಯ ಅಗತ್ಯವೇ ಇಲ್ಲ. ದನಕರು ಮತ್ತು ಮನುಷ್ಯ ಒಂದೇ ಸೂರಿನ ಕೆಳಗೆ ಮಲಗುವ ಮನೆ ಇಲ್ಲಿನವರಿಗೆ ಕಥೆಯಲ್ಲ.

ಇಂಥ ಕತ್ತಲೆಯ ಮನೆಯೊಳಗೆ ವರ್ಷಕ್ಕೊಮ್ಮೆ ಒಂದು ಪುಟ್ಟ ಹೊಲ ಹುಟ್ಟುತ್ತದೆ. ನವರಾತ್ರಿಯ ಮೊದಲ ದಿನ ನೆರೆಹೊರೆಯ ಹಿಂದೂ ಮನೆಗಳಲ್ಲಿ ಘಟ ಸ್ಥಾಪಿಸುತ್ತಾರೆ. ಜನರ ಬಾಯಲ್ಲಿ ಅದು ‘ಘಟ್ಟ ಹಾಕುವುದು’. ಹೊಲದಿಂದ ತಂದ ಮಣ್ಣನ್ನು ಪತ್ರಾವಳಿಯಲ್ಲೋ ಬುಟ್ಟಿಯಲ್ಲೋ ಹರಡಿ, ನಡುವೆ ನೀರು ತುಂಬಿದ ಕೊಡವಿಟ್ಟು, ಸುತ್ತಲೂ ಗೋದಿ, ಜೋಳ, ಕಡಲೆ ಮುಂತಾದ ಕಾಳುಗಳನ್ನು ಬಿತ್ತುತ್ತಾರೆ. ಒಂಬತ್ತು ದಿನ ನೀರು ಚಿಮುಕಿಸುತ್ತಾರೆ. ದಸರೆಯ ಹೊತ್ತಿಗೆ ಗೇಣುದ್ದದ, ನಸುಹಳದಿಯ, ನವಿರಾದ ಸಸಿಗಳು ಎದ್ದು ನಿಂತಿರುತ್ತವೆ. ಅವನ್ನು ಕಿತ್ತು ಹೆಂಗಸರು ಮುಡಿಗೂ ಗಂಡಸರು ಟೊಪ್ಪಿಗೆ, ರುಮಾಲುಗಳಿಗೂ ಸಿಕ್ಕಿಸಿಕೊಳ್ಳುತ್ತಾರೆ. ಈ ಆಚರಣೆಯ ಧಾರ್ಮಿಕ ಅರ್ಥವನ್ನು ಹೇಳಬೇಕಾದವರು ಅದನ್ನು ಆಚರಿಸುವವರು. ಚರಿತ್ರೆಯ ದೃಷ್ಟಿಯಿಂದ ಗಮನಿಸಬೇಕಾದುದು ಅದರ ಕಾಲ. ಎರೆಹೊಲದಲ್ಲಿ ಹಿಂಗಾರಿ ಬಿತ್ತನೆ ನಡೆಯುವುದು ಸರಿಯಾಗಿ ಇದೇ ದಿನಗಳಲ್ಲಿ. ಮನೆಯಲ್ಲಿಟ್ಟ ಬೀಜ ಈ ವರ್ಷ ಮೊಳೆಯುತ್ತದೆಯೋ ಇಲ್ಲವೋ ಎಂಬುದು ಕೂರಿಗೆ ಹೂಡುವ ಮೊದಲೇ ಕಣ್ಣೆದುರು ತಿಳಿಯುತ್ತದೆ. ಬೀಜ ಪರೀಕ್ಷೆಯೇ ಈ ಪದ್ಧತಿಯ ಮೂಲವಿರಬೇಕೆಂದು ಹಲವರು ವಿವರಿಸುವುದುಂಟು. ಪೂರ್ತಿ ಒಪ್ಪದಿದ್ದರೂ ಅದನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ.

ಆ ಸಸಿಗಳು ಹಳದಿಯಾಗಿರುವುದೇಕೆ? ಎಲೆಗೆ ಹಸಿರು ಬಣ್ಣ ಕೊಡುವ ಪತ್ರಹರಿತ್ತು ಬೆಳಕಿಲ್ಲದೆ ಉಂಟಾಗುವುದಿಲ್ಲ. ಕತ್ತಲೆಯಲ್ಲಿ ಮೊಳೆತ ಸಸಿ ತನಗೆ ಗೊತ್ತಿರುವ ಒಂದೇ ಕೆಲಸವನ್ನು ಮಾಡುತ್ತದೆ: ಎಲೆ ಅಗಲಿಸುವುದನ್ನು ಬಿಟ್ಟು, ಬೆಳಕು ಸಿಕ್ಕೀತೆಂದು ಎತ್ತರಕ್ಕೆ ಓಡುತ್ತದೆ. ಆ ಓಟಕ್ಕೆ ಬೇಕಾದ ಆಹಾರವೆಲ್ಲ ತಾಯಿಗಿಡ ಬೀಜದಲ್ಲಿ ಕಟ್ಟಿ ಕಳಿಸಿದ ಬುತ್ತಿ. ಬುತ್ತಿ ಮುಗಿಯುವವರೆಗೆ ಸಸಿಗೆ ಸೂರ್ಯನ ಹಂಗಿಲ್ಲ; ಮುಗಿದ ಮೇಲೆ ಒಂದು ದಿನವೂ ಉಳಿಗಾಲವಿಲ್ಲ. ಈ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಚರಿತ್ರೆಯೆಲ್ಲ ತಾನಾಗಿಯೇ ಅರ್ಥವಾಗುತ್ತದೆ.

ಇಂಥದೇ ಪದ್ಧತಿ ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ನಾಡುಗಳಲ್ಲಿಯೂ ಇದ್ದುದು ಆಶ್ಚರ್ಯದ ಸಂಗತಿ. ಪುರಾತನ ಅಥೆನ್ಸಿನ ಹೆಂಗಸರು ಒಡೆದ ಮಡಕೆಗಳಲ್ಲಿ ಗೋದಿ, ಬಾರ್ಲಿ, ಸೊಪ್ಪಿನ ಬೀಜಗಳನ್ನು ಬಿತ್ತಿ, ಮಾಳಿಗೆಯ ಮೇಲಿಟ್ಟು, ಅವು ಬೇಗನೆ ಮೊಳೆತು ಬೇಗನೆ ಬಾಡುವುದನ್ನು ಕಂಡು ಅಡೋನಿಸ್ ಎಂಬ ದೇವತೆಗಾಗಿ ಶೋಕಿಸುತ್ತಿದ್ದರು. ವಿವೇಕಿಯಾದ ಬೇಸಾಯಗಾರ ತನ್ನ ಒಳ್ಳೆಯ ಬೀಜವನ್ನು ಎಂಟು ದಿನದ ಇಂಥ ತೋಟದಲ್ಲಿ ಬಿತ್ತುವನೇ ಎಂದು ಪ್ಲೇಟೋ ತನ್ನ ‘ಫೀಡ್ರಸ್’ ಸಂವಾದದಲ್ಲಿ ಪ್ರಶ್ನೆ ಎತ್ತಿಸುತ್ತಾನೆ. ನೆಟ್ಟ ದಿನವೇ ಬೆಳೆಯಿಸಿ, ಬೆಳಗ್ಗೆಯೇ ಅರಳಿಸಿದರೂ ಸುಗ್ಗಿ ಕೈಗೆ ಸಿಗದೆ ಹೋಗುವ ಸಸಿಗಳ ಬಗ್ಗೆ ಪ್ರವಾದಿ ಯೆಶಾಯನ ಗ್ರಂಥದ 17ನೇ ಅಧ್ಯಾಯದಲ್ಲಿ ಬರುವ ಎಚ್ಚರಿಕೆಯೂ ಇಂಥ ತೋಟಗಳನ್ನೇ ಕುರಿತದ್ದೆಂದು ಹಲವು ಬೈಬಲ್ ವ್ಯಾಖ್ಯಾನಕಾರರ ಅಭಿಪ್ರಾಯ. ಪ್ರವಾದಿಗೂ ತತ್ತ್ವಜ್ಞಾನಿಗೂ ಒಟ್ಟಿಗೇ ಬೇಸರ ತರಿಸಿದ ಸಸಿಗಳು ಇವು!

ಆದರೂ ಜನ ಬಿತ್ತುವುದನ್ನು ಬಿಡಲಿಲ್ಲ. ಕ್ರೈಸ್ತ ಧರ್ಮ ಆ ನಾಡುಗಳಲ್ಲಿ ಬೇರೂರಿದ ಮೇಲೆ ಕತ್ತಲೆಯ ಸಸಿಗೆ ಬೇರೊಂದು ಸ್ಥಾನ ದೊರೆಯಿತು. ಸಿಸಿಲಿ ಮತ್ತು ದಕ್ಷಿಣ ಇಟಲಿಯಲ್ಲಿ ತಪಸ್ಸುಕಾಲದಲ್ಲಿ ತಟ್ಟೆಗಳಲ್ಲಿ ಗೋದಿ ಬಿತ್ತಿ, ಕತ್ತಲೆಯಲ್ಲಿ ಮೊಳೆಯಿಸಿ, ಆ ಬಿಳಿಹಳದಿ ಸಸಿಗಳನ್ನು ಪವಿತ್ರ ಗುರುವಾರದಂದು ಪರಮಪ್ರಸಾದವನ್ನು ಇರಿಸುವ ಪೀಠದ ಮುಂದೆ ಜೋಡಿಸುತ್ತಾರೆ. ಮಾಲ್ಟಾ ದ್ವೀಪದ ಮನೆಗಳಲ್ಲಿ ಒಂದು ಬಗೆಯ ಕಾಳಿನ ಸಸಿಯನ್ನು ಕಪಾಟಿನ ಕತ್ತಲೆಯಲ್ಲಿ ಬೆಳೆಸಿ ಗೋದಲಿಯ ಬಾಲಯೇಸುವಿನ ಸುತ್ತ ಇಡುತ್ತಾರೆ. ಕ್ರೊಯೇಷಿಯಾ, ಹಂಗೇರಿಗಳಲ್ಲಿ ಡಿಸೆಂಬರ್ 13ರಂದು, ಸಂತ ಲೂಸಿಯಳ ಹಬ್ಬದ ದಿನ ಗೋದಿ ಬಿತ್ತುವ ವಾಡಿಕೆ. ಕ್ರಿಸ್ತಜಯಂತಿಯ ಹೊತ್ತಿಗೆ ಅದು ಮೇಜಿನ ಮೇಲೆ ದಟ್ಟ ಹಸಿರಾಗಿ ನಿಂತಿರುತ್ತದೆ. ಸಂತ ಫ್ರಾನ್ಸಿಸರು 1223ರಲ್ಲಿ ಗ್ರೆಚ್ಚಿಯೋ ಎಂಬಲ್ಲಿ ನಿಜವಾದ ಎತ್ತು, ಕತ್ತೆ, ಹುಲ್ಲುಗಳಿಂದ ಕಟ್ಟಿದ ಗೋದಲಿ ಮನೆಮನೆಗೆ ಬಂದಾಗ ಅದರೊಂದಿಗೆ ಸಸಿಯೂ ಬಂದಿತೆನ್ನಬೇಕು. ಗೋವೆಯ ಮತ್ತು ನಮ್ಮ ಕರಾವಳಿಯ ಮನೆಗಳಲ್ಲಿ ಮಕ್ಕಳು ಡಿಸೆಂಬರ್ ಮೊದಲ ಪಕ್ಷದಲ್ಲಿಯೇ ರಾಗಿಯನ್ನೋ ಭತ್ತವನ್ನೋ ಬಿತ್ತಿ ಗೋದಲಿಗೆ ಗದ್ದೆ ಸಿದ್ಧಗೊಳಿಸುವುದನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಈಗ ಅಂಗಡಿಯಲ್ಲಿ ದೊರೆಯುವ ಪ್ಲಾಸ್ಟಿಕ್ ಹುಲ್ಲಿನ ಚಾಪೆ ಆ ಗದ್ದೆಯ ಜಾಗವನ್ನು ಹಿಡಿಯುತ್ತಿದೆ. ಪಾತ್ರೆ ತೊಳೆಯುವ ಉಜ್ಜುಬಟ್ಟೆಯ ಬಣ್ಣ ಅದಕ್ಕೆ. ಅದರ ಬಗ್ಗೆ ಇಷ್ಟು ಹೇಳಿದರೆ ಸಾಕು.

ಹತ್ತು ಹನ್ನೆರಡು ದಿನದ ಸಸಿಯ ಮಾತಾಯಿತು. ವರ್ಷಗಟ್ಟಲೆ ಬಾಳುವ ಗಿಡವನ್ನು ಮನೆಯೊಳಗೆ ಇಡಬೇಕಾದರೆ ಬೆಳಕು ಬೇಕು. ನಮ್ಮ ಪ್ರಾಚೀನರು ಆ ಗೊಡವೆಗೆ ಹೋಗಲಿಲ್ಲ. ಚಾಳುಕ್ಯರ ಕಾಲದಲ್ಲಿ, ಸುಮಾರು 1025ರಲ್ಲಿ ಎರಡನೆಯ ಚಾವುಂಡರಾಯ ಕನ್ನಡದಲ್ಲಿ ಬರೆದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೇ ಒಂದು ಅಧ್ಯಾಯವಿದೆ, ಅದು ತೋಟದ ಮರಗಿಡಗಳ ಶಾಸ್ತ್ರ. ಅಂಗಳದ ತುಳಸಿಕಟ್ಟೆಯೂ ಬಯಲಿನ ಬೆಳಕಿನದೇ. ಹೊರಗೆ ಬಾರಾಮಾಸ ಬಿಸಿಲಿರುವ ನಾಡಿನಲ್ಲಿ ಗಿಡವನ್ನು ಒಳಗೆ ಒಯ್ಯುವ ಅಗತ್ಯವಾದರೂ ಏನಿತ್ತು? ಆ ಅಗತ್ಯ ಹುಟ್ಟಿದ್ದು ಹಿಮ ಬೀಳುವ, ಹೊಗೆ ತುಂಬಿದ ಪಟ್ಟಣಗಳಲ್ಲಿ.

ಲಂಡನ್ನಿನ ಬಂದರು ಕಟ್ಟೆಗಳ ಸಮೀಪ ನೆಥೇನಿಯಲ್ ಬ್ಯಾಗ್‌ಶಾ ವಾರ್ಡ್ ಎಂಬ ವೈದ್ಯರು ವಾಸವಾಗಿದ್ದರು. ಜರಿಗಿಡಗಳೆಂದರೆ ಅವರಿಗೆ ಪ್ರಾಣ. ಆದರೆ ಕಲ್ಲಿದ್ದಲಿನ ಹೊಗೆಯಿಂದ ಅವರು ನೆಟ್ಟ ಜರಿಗಳೆಲ್ಲ ಸಾಯುತ್ತಿದ್ದವು. 1829ರಲ್ಲಿ ಒಂದು ಪತಂಗದ ಕೋಶ ಒಡೆಯುವುದನ್ನು ನೋಡಬೇಕೆಂದು ಅದನ್ನು ಹಸಿಮಣ್ಣಿನಲ್ಲಿ ಹುಗಿದು, ಗಾಜಿನ ಸೀಸೆಯೊಂದರಲ್ಲಿಟ್ಟು ಮುಚ್ಚಳ ಹಾಕಿದರು. ಪತಂಗದ ಮಾತು ಹಿಂದೆ ಬಿತ್ತು. ಸೀಸೆಯೊಳಗೆ ಒಂದು ಜರಿಯೂ ಒಂದು ಹುಲ್ಲೂ ತಾವಾಗಿಯೇ ಮೊಳೆತವು! ಹಗಲು ಮಣ್ಣಿನ ತೇವ ಆವಿಯಾಗಿ ಗಾಜಿಗೆ ಹತ್ತಿ, ಹನಿಗಟ್ಟಿ, ಮತ್ತೆ ಮಣ್ಣಿಗೇ ಇಳಿಯುತ್ತಿತ್ತು. ಹೊಗೆ ಒಳಗೆ ಬರುವಂತಿರಲಿಲ್ಲ, ನೀರು ಹೊರಗೆ ಹೋಗುವಂತಿರಲಿಲ್ಲ. ಸುಮಾರು ನಾಲ್ಕು ವರ್ಷ ಆ ಗಿಡಗಳು ಹನಿ ನೀರು ಹಾಕಿಸಿಕೊಳ್ಳದೆ ಬದುಕಿದವು. ಕೊನೆಗೆ ವಾರ್ಡರು ಊರಿನಲ್ಲಿ ಇಲ್ಲದಿದ್ದಾಗ ಮುಚ್ಚಳ ತುಕ್ಕು ಹಿಡಿದು, ಮಳೆನೀರು ಒಳಗೆ ನುಗ್ಗಿ ಕೊಳೆತವು.

1833ರಲ್ಲಿ ವಾರ್ಡರು ಎರಡು ಗಾಜಿನ ಪೆಟ್ಟಿಗೆಗಳಲ್ಲಿ ಜರಿ ಮತ್ತು ಹುಲ್ಲುಗಳನ್ನು ತುಂಬಿ ಹಡಗಿನಲ್ಲಿ ಸಿಡ್ನಿಗೆ ಕಳುಹಿಸಿದರು. ತಿಂಗಳುಗಟ್ಟಲೆ ಸಮುದ್ರದ ಮೇಲಿದ್ದ ಗಿಡಗಳು ಜೀವಂತವಾಗಿ ತಲುಪಿದವು; ಅದೇ ಪೆಟ್ಟಿಗೆಗಳಲ್ಲಿ ಆಸ್ಟ್ರೇಲಿಯಾದ ಗಿಡಗಳು ಲಂಡನ್ನಿಗೆ ಬಂದವು. 1842ರಲ್ಲಿ ಅವರು ಈ ವಿಷಯವಾಗಿ ಒಂದು ಪುಸ್ತಕವನ್ನೇ ಬರೆದರು. ಬಡವರ ಗಲ್ಲಿಗಳಲ್ಲಿ, ಬೆಳಕು ಗಾಳಿ ಇಲ್ಲದ ಕೋಣೆಗಳಲ್ಲಿ ವಾಸಿಸುವ ದುಡಿಯುವ ಜನರಿಗೂ ಇಂಥ ಒಂದು ಹಸಿರಿನ ಪೆಟ್ಟಿಗೆ ದೊರೆಯಬೇಕೆಂಬುದು ಅವರ ಹಂಬಲವಾಗಿತ್ತು. ಆದದ್ದು ಬೇರೆ. ಗಾಜಿನ ಮೇಲಿನ ತೆರಿಗೆಯನ್ನು ಇಂಗ್ಲೆಂಡ್ 1845ರಲ್ಲಿ ರದ್ದುಗೊಳಿಸಿದ ಮೇಲೆ ಗಾಜು ಅಗ್ಗವಾಗಿ, ವಾರ್ಡರ ಪೆಟ್ಟಿಗೆ ಅನುಕೂಲಸ್ಥರ ದಿವಾನಖಾನೆಯ ಅಲಂಕಾರವಾಯಿತು. ಸಾಮ್ರಾಜ್ಯಕ್ಕಂತೂ ಅದು ಒಂದು ಆಯುಧವೇ ಆಯಿತು. ರಾಬರ್ಟ್ ಫಾರ್ಚೂನ್ ಚೀನಾದ ಚಹಾ ಸಸಿಗಳನ್ನು ಸಾವಿರಗಟ್ಟಲೆ ಹಿಮಾಲಯದ ತಪ್ಪಲಿಗೆ ತಂದದ್ದು, 1860ರ ಸುಮಾರಿಗೆ ಕ್ಲೆಮೆಂಟ್ಸ್ ಮಾರ್ಕ್‌ಹ್ಯಾಮ್ ದಕ್ಷಿಣ ಅಮೆರಿಕದಿಂದ ಸಿಂಕೋನಾ ಸಸಿಗಳನ್ನು ನೀಲಗಿರಿಯತ್ತ ಸಾಗಿಸಿದ್ದು ಇಂಥ ಪೆಟ್ಟಿಗೆಗಳಲ್ಲಿಯೇ. ಮಲೇರಿಯಾ ಜ್ವರಕ್ಕೆ ಮದ್ದಾದ ಆ ಮರದ ತೊಗಟೆಯನ್ನು 17ನೇ ಶತಮಾನದಲ್ಲಿ ಯುರೋಪಿಗೆ ಪರಿಚಯಿಸಿದವರಲ್ಲಿ ಯೇಸುಸಭೆಯ ಗುರುಗಳು ಪ್ರಮುಖರಾದುದರಿಂದ ಬಹುಕಾಲ ಅದಕ್ಕೆ ‘ಜೆಸ್ವಿಟರ ತೊಗಟೆ’ ಎಂದೇ ಹೆಸರಿತ್ತು. ಇಂದು ನಾವು ಕುಡಿಯುವ ಚಹಾದ ಹಿಂದೆ ಹೊಗೆಯಲ್ಲಿ ಉಸಿರುಕಟ್ಟಿದ ಒಂದು ಜರಿಗಿಡವಿದೆ. ಆದರೆ ಬಡವರ ಕೋಣೆಯ ಮಾತು ವಾರ್ಡರ ಪುಸ್ತಕದಲ್ಲಿಯೇ ಉಳಿಯಿತು.

ಅದೇ ಗಾಜು ಮತ್ತು ಕಬ್ಬಿಣದ ಕಲೆ ನಮ್ಮ ರಾಜ್ಯಕ್ಕೂ ಬಂದಿತು. ಹೈದರಾಲಿ 1760ರಲ್ಲಿ ಆರಂಭಿಸಿದ ಬೆಂಗಳೂರಿನ ಲಾಲ್‌ಬಾಗಿನಲ್ಲಿ, ಜಾನ್ ಕ್ಯಾಮರನ್ ಮೇಲ್ವಿಚಾರಕರಾಗಿದ್ದಾಗ, 1889ರ ನವೆಂಬರ್ 30ರಂದು ಬ್ರಿಟಿಷ್ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಗಾಜಿನಮನೆಗೆ ಅಡಿಗಲ್ಲಿಟ್ಟನು. ಶಾಲೆಯ ಪ್ರವಾಸದಲ್ಲಿ ಅದನ್ನು ನೋಡದ ಕನ್ನಡ ಮಕ್ಕಳು ಕಡಿಮೆ. ಸ್ವಾತಂತ್ರ್ಯೋತ್ಸವ, ಗಣರಾಜ್ಯೋತ್ಸವಗಳ ಫಲಪುಷ್ಪ ಪ್ರದರ್ಶನಗಳಿಂದ ಕುಂಡದ ಗಿಡದ ಹವ್ಯಾಸ ಸಾಮಾನ್ಯ ಕುಟುಂಬಗಳಿಗೂ ಹಬ್ಬಿತು. ಕುಂಡ ಕೊಳ್ಳಲಾಗದವರಿಗೆ ದಾಲ್ಡಾ ಡಬ್ಬಿ ಇತ್ತು! 1937ರಲ್ಲಿ ಮಾರುಕಟ್ಟೆಗೆ ಬಂದ ಆ ವನಸ್ಪತಿಯ ಖಾಲಿ ಡಬ್ಬಿಗೆ ತಳದಲ್ಲಿ ಮೊಳೆಯಿಂದ ತೂತು ಹೊಡೆದು ದೊಡ್ಡಪತ್ರೆ, ತುಳಸಿ, ಲೋಳೆಸರ ನೆಟ್ಟ ತಾಯಂದಿರೇ ನಮ್ಮಲ್ಲಿ ಈ ಚರಿತ್ರೆಯ ನಿಜವಾದ ನಾಯಕಿಯರು. ಅವರ ಹೆಸರುಗಳು ಯಾವ ಕಟ್ಟಡದ ಅಡಿಗಲ್ಲಿನ ಮೇಲೂ ಇಲ್ಲ.

ಆ ಡಬ್ಬಿಗಳಲ್ಲಿ ಬೆಳೆದ ಗಿಡಗಳಲ್ಲಿ ಅನೇಕವು ಪರದೇಶಿಗಳೆಂಬುದು ಸ್ವಾರಸ್ಯದ ವಿಷಯ. ರಾತ್ರಿ ಅರಳುವ, ನಾವು ಬ್ರಹ್ಮಕಮಲವೆಂದು ಕರೆದು ನೆರೆಯವರನ್ನೆಲ್ಲ ಕೂಗಿ ತೋರಿಸುವ ಹೂವು ಮೆಕ್ಸಿಕೊ ಕಡೆಯ ಕಳ್ಳಿಜಾತಿಯದು. ಹಿಮಾಲಯದ ಬ್ರಹ್ಮಕಮಲವೇ ಬೇರೆ. ಕದ್ದು ತಂದರೆ ಮಾತ್ರ ಹಣ ತರುತ್ತದೆಂದು ಜನ ನಂಬುವ ಮನಿ ಪ್ಲಾಂಟ್ ಪೆಸಿಫಿಕ್ ಸಾಗರದ ಮೊರಿಯಾ ಎಂಬ ದ್ವೀಪದ ಬಳ್ಳಿ. (ಏಳನೆಯ ಕಟ್ಟಳೆಯನ್ನು ಮುರಿದು ತಂದ ಬಳ್ಳಿ ಯಾವ ಸಂಪತ್ತನ್ನು ತಂದೀತೋ ತಿಳಿಯದು.) ಅದು ಹೂ ಬಿಡುವುದು ತೀರ ವಿರಳ, ತುಂಡಿನಿಂದ ತುಂಡಾಗಿಯೇ ಲೋಕವನ್ನೆಲ್ಲ ಸುತ್ತಿದೆ.

ಕೋಣೆಯಲ್ಲಿ ಗಿಡವಿಟ್ಟುಕೊಂಡು ಮಲಗಬಾರದೆಂಬ ಭಯಕ್ಕೂ ಒಂದು ಚರಿತ್ರೆಯಿದೆ. ಜೋಸೆಫ್ ಪ್ರೀಸ್ಟ್ಲಿ ಎಂಬ ಧರ್ಮಬೋಧಕರು 1771ರಲ್ಲಿ, ಮೋಂಬತ್ತಿ ಉರಿದು ಕೆಟ್ಟ ಗಾಳಿಯನ್ನು ಪುದೀನ ಗಿಡವೊಂದು ಸರಿಪಡಿಸುವುದನ್ನು ಕಂಡರು. 1779ರಲ್ಲಿ ಯಾನ್ ಇಂಗೆನ್‌ಹೌಸ್ ಎಂಬ ವೈದ್ಯರು, ಅದು ಬಿಸಿಲಿನಲ್ಲಿ, ಹಸಿರು ಭಾಗದಿಂದ ಮಾತ್ರ ಆಗುವ ಕೆಲಸವೆಂದೂ ಕತ್ತಲೆಯಲ್ಲಿ ಗಿಡವೂ ನಮ್ಮಂತೆಯೇ ಗಾಳಿಯನ್ನು ಕೆಡಿಸುತ್ತದೆಂದೂ ತೋರಿಸಿದರು. ಈ ಎರಡನೆಯ ಮಾತನ್ನೇ ಹಿಡಿದುಕೊಂಡು ಆಸ್ಪತ್ರೆಗಳಲ್ಲಿ ಹೂಗಿಡಗಳನ್ನು ಹೊರಗಿಡತೊಡಗಿದರು. ಫ್ಲಾರೆನ್ಸ್ ನೈಟಿಂಗೇಲ್ 1859ರ ತಮ್ಮ ಶುಶ್ರೂಷೆಯ ಪುಸ್ತಕದಲ್ಲಿ ಈ ಭಯವನ್ನು ತಳ್ಳಿಹಾಕಿ, ಹೂವಿನ ಬಣ್ಣ ರೋಗಿಗೆ ಚೇತರಿಕೆ ಕೊಡುತ್ತದೆಂದು ವಾದಿಸಿದರು. ಒಂದು ಕುಂಡ ರಾತ್ರಿ ಬಿಡುವ ಇಂಗಾಲದ ಡೈಆಕ್ಸೈಡ್ ಪಕ್ಕದಲ್ಲಿ ಮಲಗಿದ ಒಂದು ಮಗುವಿನ ಉಸಿರಿಗಿಂತ ಬಹಳ ಕಡಿಮೆ.

ಇದಕ್ಕೆ ವಿರುದ್ಧವಾದ ಅತಿಶಯೋಕ್ತಿ ಈಗ ಪ್ರಚಾರದಲ್ಲಿದೆ. ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾದಲ್ಲಿ ವುಲ್ವರ್ಟನ್ ಎಂಬ ವಿಜ್ಞಾನಿ 1989ರಲ್ಲಿ, ಮುಚ್ಚಿದ ಪೆಟ್ಟಿಗೆಗಳಲ್ಲಿ ಗಿಡಗಳು ಕೆಲವು ವಿಷಾನಿಲಗಳನ್ನು ಕಡಿಮೆ ಮಾಡುತ್ತವೆಂದು ವರದಿ ಮಾಡಿದರು. ಅಂದಿನಿಂದ ‘ಗಾಳಿ ಶುದ್ಧಿ ಮಾಡುವ ಗಿಡ’ವೆಂದು ನರ್ಸರಿಗಳು ದುಬಾರಿ ಬೆಲೆಗೆ ಮಾರುತ್ತವೆ. ಆದರೆ ಮನೆ ಮುಚ್ಚಿದ ಪೆಟ್ಟಿಗೆಯಲ್ಲ. ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಸಂಶೋಧಕರು ಹಿಂದಿನ ಅಧ್ಯಯನಗಳನ್ನೆಲ್ಲ ಪರಿಶೀಲಿಸಿ 2019ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಸಾಮಾನ್ಯವಾಗಿ ಕಿಟಕಿ ಬಾಗಿಲಿನಿಂದ ಆಗುವ ಗಾಳಿಯ ಬದಲಾವಣೆಗೆ ಸಮನಾಗಬೇಕಾದರೆ ನೆಲದ ಪ್ರತಿ ಚದರ ಮೀಟರಿಗೆ 10ರಿಂದ 1000 ಗಿಡಗಳು ಬೇಕು. ಮನೆಯವರು ಎಲ್ಲಿ ಮಲಗಬೇಕು? ಹೊಗೆಯಾಡುವ ಅಡುಗೆಮನೆಗೆ ಬೇಕಾದುದು ಕಿಟಕಿ. ಅದರ ಬದಲು ಒಂದು ಕುಂಡ ಕೊಂಡು ತೃಪ್ತರಾಗುವುದು ಸರಿಯಲ್ಲ.

ಈಗ ಮಲಪ್ರಭೆಯ ದಡಕ್ಕೆ ಹಿಂದಿರುಗೋಣ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕದ ಮೇಲೆ ಸುರಿದ ಮಳೆ ಇನ್ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಹೊಳೆಯ ಸಾಲಿನ ಊರುಗಳಲ್ಲಿ ಮಣ್ಣಿನ ಗೋಡೆಗಳು ನೆನೆದು ಕುಸಿದವು. ದಸರೆಯ ಹಿಂದೆಮುಂದಿನ ದಿನಗಳೇ ಅವು. ಅನಂತರ ‘ಆಸರೆ’ ಎಂಬ ಹೆಸರಿನಲ್ಲಿ ಸರ್ಕಾರವೂ ದಾನಿಗಳೂ ಸೇರಿ ಎತ್ತರದ ಜಾಗಗಳಲ್ಲಿ ಹೊಸ ಮನೆಗಳನ್ನು ಕಟ್ಟಿಸಿದರು. 2019ರ ಆಗಸ್ಟಿನಲ್ಲಿ ಮಲಪ್ರಭೆ ಮತ್ತೊಮ್ಮೆ ಉಕ್ಕಿತು. ಕಾಂಕ್ರೀಟಿನ ಸೂರು ಜೀವ ಉಳಿಸುತ್ತದೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಸಾಲಾಗಿ ಒಂದೇ ಅಳತೆಯಲ್ಲಿ ಕಟ್ಟಿದ ಪುಟ್ಟ ಮನೆಯಲ್ಲಿ ದಂದಕ್ಕಿಯಿಲ್ಲ, ಗ್ವಾದಲಿಯಿಲ್ಲ, ಬಚ್ಚಲ ನೀರಿಗೆ ಬಸಳೆಯನ್ನೋ ಬಾಳೆಯನ್ನೋ ಬೆಳೆಸುವ ಹಿತ್ತಲಿಲ್ಲ. ಯೋಜನೆಯ ನಕ್ಷೆ ಬರೆದವರು ಕೋಣೆಗಳನ್ನು ಎಣಿಸಿದರು; ಹೆಂಗಸರು ಹಿತ್ತಲಿನಿಂದ ದಿನವೂ ಅಡುಗೆಗೆ ಹಿಡಿದು ತರುತ್ತಿದ್ದ ಸೊಪ್ಪನ್ನು ಯಾರೂ ಎಣಿಸಿದಂತೆ ಕಾಣುವುದಿಲ್ಲ. ಇದೇ ಸೀಮೆಯಿಂದ ದುಡಿಮೆಗಾಗಿ ಗೋವೆಗೆ, ಮಂಗಳೂರಿಗೆ, ಬೆಂಗಳೂರಿಗೆ ಹೋಗಿ ಒಂದೇ ಕೋಣೆಯಲ್ಲಿ ಬದುಕುವ ಕುಟುಂಬಗಳದೂ ಇದೇ ಸ್ಥಿತಿ. ವಾರ್ಡರ ಪುಸ್ತಕದಲ್ಲಿ ಉಳಿದುಹೋದ ಪ್ರಶ್ನೆ ಈಗ ನಮ್ಮ ಬಾಗಿಲಿನಲ್ಲಿ ನಿಂತಿದೆ.

ಇಂಥ ಮನೆಯಲ್ಲಿ ಏನನ್ನು ಬೆಳೆಯಬಹುದು? ಬಯಲಿನ ಮಧ್ಯಾಹ್ನದ ಬಿಸಿಲು ಸುಮಾರು 1,00,000 ಲಕ್ಸ್ ಇದ್ದರೆ, ಕಿಟಕಿಯಿಂದ ಕೆಲವೇ ಮಾರು ಒಳಗೆ ಅದು ಕೆಲವು ನೂರಕ್ಕೆ ಇಳಿಯುತ್ತದೆ. ನಮ್ಮ ಕಣ್ಣು ಹೊಂದಿಕೊಳ್ಳುವುದರಿಂದ ನಮಗೆ ತಿಳಿಯುವುದಿಲ್ಲ; ಟೊಮೆಟೊ ಗಿಡಕ್ಕೆ ತಿಳಿಯುತ್ತದೆ. ಆದುದರಿಂದ ಹಣ್ಣು ಕಾಯಿಗಳ ಆಸೆ ಕೋಣೆಯೊಳಗೆ ಬೇಡ. ಬುತ್ತಿ ಕಟ್ಟಿಕೊಂಡು ಬಂದ ಬೀಜ ಮಾತ್ರ ನಮ್ಮ ಕತ್ತಲೆಗೆ ಹೆದರುವುದಿಲ್ಲ. ಮೆಂತ್ಯ, ಸಾಸಿವೆ, ಹೆಸರು, ರಾಗಿಗಳನ್ನು ಅಗಲವಾದ ತಟ್ಟೆಯಲ್ಲಿ ಎರಡು ಬೆರಳು ಮಣ್ಣಿನ ಮೇಲೆ ಒತ್ತಾಗಿ ಬಿತ್ತಿ, ಮೊಳೆತ ಕೂಡಲೇ ಕಿಟಕಿಯ ಬಳಿ ಸರಿಸಿದರೆ ಹತ್ತು ಹನ್ನೆರಡು ದಿನದಲ್ಲಿ ಎಳೆಯ ಸೊಪ್ಪು ಕೊಯ್ಯಬಹುದು. ನಗರದ ಹೋಟೆಲುಗಳಲ್ಲಿ ಇದನ್ನೇ ಮೈಕ್ರೋಗ್ರೀನ್ ಎಂದು ಹೆಸರಿಟ್ಟು ಗ್ರಾಂ ಲೆಕ್ಕದಲ್ಲಿ ಕೊಳ್ಳುತ್ತಾರೆ. ಘಟ್ಟ ಹಾಕಿದ ಅಜ್ಜಿಯರಿಗೆ ಈ ವಿದ್ಯೆಯನ್ನು ಹೊಸದಾಗಿ ಕಲಿಸಬೇಕಾದುದಿಲ್ಲ. ಕಿಟಕಿಯ ಹಲಗೆಗೆ ಮುಂಜಾನೆಯ ಬಿಸಿಲು ಎರಡು ಮೂರು ತಾಸು ಬೀಳುವಂತಿದ್ದರೆ ಪುದೀನ ಮತ್ತು ದೊಡ್ಡಪತ್ರೆ ವರ್ಷವೆಲ್ಲ ಬದುಕುತ್ತವೆ. ಒಂದು ಎಚ್ಚರಿಕೆ ಮಾತ್ರ ಅವಶ್ಯ: ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಂತರೆ ಡೆಂಗ್ಯೂ ಹರಡುವ ಸೊಳ್ಳೆ ಅಲ್ಲಿಯೇ ಮೊಟ್ಟೆಯಿಟ್ಟು ಒಂದು ವಾರ ಹತ್ತು ದಿನಗಳಲ್ಲಿ ಹಾರಿಹೋಗುತ್ತದೆ. ವಾರಕ್ಕೊಮ್ಮೆಯಾದರೂ ಆ ನೀರನ್ನು ಚೆಲ್ಲಿ ತಟ್ಟೆಯನ್ನು ಉಜ್ಜಬೇಕು.

ಕುಂಡದಲ್ಲಿ ಬೆಳೆದುದೆಲ್ಲ ಕೇವಲ ವಿನೋದವೆಂದು ತಿಳಿಯುವವರು ಅಗಸ್ಟೀನ್ ಸಭೆಯ ಗುರು ಗ್ರೆಗೋರ್ ಮೆಂಡೆಲರನ್ನು ನೆನೆಯಬಹುದು. 1856ರಿಂದ 1863ರವರೆಗೆ ಬ್ರನೋ ಪಟ್ಟಣದ ಮಠದ ಸಣ್ಣ ತೋಟದಲ್ಲಿ ಬಟಾಣಿ ಬೆಳೆದು ಅನುವಂಶೀಯತೆಯ ನಿಯಮಗಳನ್ನು ಕಂಡುಕೊಂಡಾಗ, ಕೀಟಗಳು ಪರಾಗ ಬೆರೆಸಿ ಲೆಕ್ಕವನ್ನು ಕೆಡಿಸುತ್ತಿವೆಯೋ ಎಂದು ಪರೀಕ್ಷಿಸಲು ಅವರು ಕೆಲವು ಗಿಡಗಳನ್ನು ಕುಂಡಗಳಲ್ಲಿ ಬೆಳೆಸಿ ಹೂ ಬಿಡುವ ಕಾಲದಲ್ಲಿ ಗಾಜಿನಮನೆಯೊಳಗೆ ಇಟ್ಟಿದ್ದರು. ಹೊರಗಿನ ಸಾವಿರಾರು ಗಿಡಗಳ ಲೆಕ್ಕವನ್ನು ನಂಬಬಹುದೆಂಬುದಕ್ಕೆ ಈ ಕೆಲವು ಕುಂಡಗಳೂ ಸಾಕ್ಷಿಯಾದವು.

ಆಗಮನ ಕಾಲ ಬಂದಾಗ ನಮ್ಮ ಧರ್ಮಕೇಂದ್ರಗಳ ಮಕ್ಕಳು ಗೋದಲಿಗೆ ರಾಗಿ ಬಿತ್ತುವುದಾದರೆ ಡಿಸೆಂಬರ್ 12, 13ರ ಸುಮಾರಿಗೆ ಬಿತ್ತುವುದು ಸರಿಹೊಂದುತ್ತದೆ. ರಾಗಿಯನ್ನು ಒಂದು ರಾತ್ರಿ ನೆನೆಸಿ, ಮೊದಲ ಎರಡು ದಿನ ತಟ್ಟೆಯ ಮೇಲೆ ಒದ್ದೆ ಬಟ್ಟೆ ಮುಚ್ಚಿರಬೇಕು, ಆಮೇಲೆ ಬೆಳಕು. ಮೂವರು ರಾಯರ ಹಬ್ಬ ಮುಗಿದು ಗೋದಲಿಯನ್ನು ಬಿಚ್ಚುವಾಗ ಸಸಿಗಳು ಬಾಗತೊಡಗಿರುತ್ತವೆ. ಹೊಳೆಸಾಲಿನ ಊರುಗಳಲ್ಲಿ ಎತ್ತು ಸಾಕುವವರು ಇನ್ನೂ ಇದ್ದಾರೆ. ಸಸಿಯನ್ನು ಅವಕ್ಕೆ ಹಾಕಿ, ಮಣ್ಣನ್ನು ಮೆಂತ್ಯಕ್ಕೆ ಇಟ್ಟುಕೊಳ್ಳಬಹುದು.